ಒಂದಕ್ಕೊಂದು ಹೊಂದದ ಬಿಡಿಭಾಗಗಳು: ಹಳೆಯ ಕಾರಿನ ಒಗಟು ಬಿಡಿಸುವ ಕ್ರಮ

ಗೇರ್‌ಬಾಕ್ಸನ್ನು ಎಂಜಿನ್ನಿಗೆ ಬಿಗಿದಿದ್ದ ಎಂಟು ಬೋಲ್ಟುಗಳಲ್ಲಿ ಏಳು ಒಂದೇ ಸ್ಪ್ಯಾನರಿಗೆ ಸಲೀಸಾಗಿ ಬಂದು, ಎಂಟನೆಯದು ಮಾತ್ರ ಮೊಂಡು ಹಿಡಿದು ಕುಳಿತರೆ ಮೊದಲು ಬರುವುದು ಸಿಟ್ಟು. ಅದರ ಬೆನ್ನಿಗೇ ಬರುವುದು, ‘ಹಿಂದಿನವರು ಯಾರೋ ಕೆಡಿಸಿಟ್ಟಿದ್ದಾರೆ’ ಎಂಬ ತೀರ್ಪು. ಹಳೆಯ ಕಾರುಗಳನ್ನು ಬಿಚ್ಚಿ ಜೋಡಿಸುವ ಹುಚ್ಚು ಹತ್ತಿದ ಮೊದಲ ವರ್ಷಗಳಲ್ಲಿ ನಾನು ಈ ತೀರ್ಪನ್ನು ಬಹಳ ಧಾರಾಳವಾಗಿ ಕೊಡುತ್ತಿದ್ದೆ. ತೆಗೆದ ಭಾಗವನ್ನು ಗುಜರಿ ಡಬ್ಬಕ್ಕೆ ಎಸೆದು, ಹೊಸದನ್ನು ತರಿಸಿ, ಅದು ಕೂರದೆ ಹೋದಾಗ ಮತ್ತೆ ಅದೇ ಡಬ್ಬವನ್ನು ತಡಕಿದ್ದೂ ಉಂಟು.

ಆ ತಡಕಾಟ ಕಲಿಸಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಹೊಂದದ ಭಾಗ ಕಾರ್ಖಾನೆಯಿಂದಲೇ ಹಾಗೆ ಬಂದಿರಬಹುದು, ಯಾವುದೋ ದುರಸ್ತಿಯಲ್ಲಿ ಸೇರಿಕೊಂಡಿರಬಹುದು, ಪೂರ್ತಿ ಬೇರೆಯೇ ಕಾರಿನದಾಗಿರಬಹುದು. ಮೂರರಲ್ಲಿ ಯಾವುದು ಎಂಬುದಕ್ಕೆ ಸಾಕ್ಷಿ ಹೆಚ್ಚಾಗಿ ಆ ಭಾಗದ ಮೇಲೆಯೇ ಇರುತ್ತದೆ. ಅದನ್ನು ಅಳಿಸಿಹಾಕುವುದು ನಮ್ಮದೇ ಅವಸರ.

1. ಬಿಚ್ಚುವಾಗಲೇ ಬರೆದಿಡಿ

ಫೋಟೋ ತೆಗೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಫೋಟೋದಲ್ಲಿ ಕಾಣದ ಸಂಗತಿಗಳೇ ಮುಂದೆ ಬೇಕಾಗುವುದು. ಬೋಲ್ಟಿನ ತಲೆಯ ಕೆಳಗೆ ಎಷ್ಟು ವಾಷರುಗಳಿದ್ದವು, ಯಾವುದು ಮೇಲೆ, ಯಾವುದು ಕೆಳಗೆ? ತಗಡಿಗೂ ಭಾಗಕ್ಕೂ ನಡುವೆ ಪೇಂಟ್ ಇತ್ತೇ, ಬರಿ ಲೋಹವಿತ್ತೇ? ಬೋಲ್ಟು ಕೈಯಲ್ಲೇ ತಿರುಗಿ ಬಂತೇ, ಕೊನೆಯ ಸುತ್ತಿನವರೆಗೂ ಬಿಗಿಯಾಗಿತ್ತೇ? ಇವನ್ನು ಅಲ್ಲಿಯೇ, ಕೈ ಎಣ್ಣೆಯಾಗಿದ್ದರೂ, ಪೆನ್ಸಿಲಿನಲ್ಲಿ ಬರೆದು ಭಾಗದ ಜೊತೆಗೇ ಚೀಲಕ್ಕೆ ಹಾಕಿ. ಎಡ ಮತ್ತು ಬಲ ಎಂಬುದನ್ನು ಚಾಲಕನ ಆಸನದಲ್ಲಿ ಮುಂದೆ ನೋಡುತ್ತ ಕುಳಿತವನ ಎಡ, ಬಲ ಎಂದೇ ಬರೆಯಿರಿ. ಬಾನೆಟ್ಟಿನ ಎದುರು ನಿಂತು ಬರೆದ ‘ಎಡ’ ಮೂರು ತಿಂಗಳ ನಂತರ ನಿಮ್ಮನ್ನೇ ದಾರಿ ತಪ್ಪಿಸುತ್ತದೆ.

ತೊಳೆಯುವುದನ್ನು ಆದಷ್ಟು ಮುಂದೂಡಿ. ಜಿಡ್ಡು ಹಾಳು ವಸ್ತುವಲ್ಲ. ಅದರ ಕೆಳಗೆ ಕಾರ್ಖಾನೆಯ ಸೀಮೆಸುಣ್ಣದ ಗುರುತು, ತಪಾಸಣೆ ಮಾಡಿದವರು ಹಚ್ಚಿದ ಬಣ್ಣದ ಬೊಟ್ಟು, ಕಾಗದದ ಚೀಟಿಯ ಚೂರು ಉಳಿದಿರುವುದುಂಟು. ಮರಳು ಚಿಮ್ಮಿಸಿ ಸ್ವಚ್ಛ ಮಾಡುವ ಯಂತ್ರಕ್ಕೆ ಕೊಟ್ಟರೆ ಇವೆಲ್ಲ ಒಂದೇ ನಿಮಿಷದಲ್ಲಿ ಮಾಯ.

ಯಾವ ಭಾಗವನ್ನೂ ಎಸೆಯಬೇಡಿ, ಮುರಿದದ್ದನ್ನೂ. ಕಾರು ಓಡುವ ತನಕ ಮುರಿದ ಭಾಗ ನಿಮ್ಮ ಅಳತೆಪಟ್ಟಿ.

2. ಕಾರು ಹುಟ್ಟಿದ ದಿನ ಯಾವುದು?

ಭಾಗ ಹೊಂದುತ್ತದೆಯೇ ಎಂದು ಕೇಳುವ ಮೊದಲು ಯಾವುದಕ್ಕೆ ಹೊಂದಬೇಕು ಎಂಬುದು ಗೊತ್ತಿರಬೇಕು. ನೋಂದಣಿ ಪತ್ರದಲ್ಲಿರುವ ವರ್ಷವನ್ನು ನಂಬಿ ಕೂರಬೇಡಿ. ಅದು ಕಾರು ಮಾರಾಟವಾದ ಅಥವಾ ಮೊದಲು ನೋಂದಣಿಯಾದ ವರ್ಷವಿರಬಹುದು. ಮಾರಾಟವಾಗದೆ ವರ್ಷಗಟ್ಟಲೆ ನಿಂತಿದ್ದ ಕಾರುಗಳಿಗೂ ಕೊರತೆಯಿಲ್ಲ.

‘ಮಾದರಿ ವರ್ಷ’ ಎಂಬುದು ಇನ್ನೊಂದು ಬಲೆ. ಫೋಕ್ಸ್‌ವ್ಯಾಗನ್ ಬೀಟಲ್‌ಗೆ 1955ರಿಂದ ಮುಂದಿನ ವರ್ಷದ ಮಾದರಿ ಆಗಸ್ಟಿನಲ್ಲೇ ಶುರುವಾಗುತ್ತಿತ್ತು. ಹಾಗಾಗಿ 1966ರ ಅಕ್ಟೋಬರಿನಲ್ಲಿ ತಯಾರಾದ ಬೀಟಲ್ 1967ರ ಮಾದರಿ. ಫೋರ್ಡ್ ಮಸ್ಟಾಂಗ್ 1964ರ ಏಪ್ರಿಲ್ 17ರಂದು ಜನರ ಮುಂದೆ ಬಂತು. ಕಂಪನಿಯ ಲೆಕ್ಕದಲ್ಲಿ ಅವೆಲ್ಲ 1965ರ ಕಾರುಗಳೇ, ಆದರೆ 1964ರ ಆಗಸ್ಟಿಗೆ ಮೊದಲು ತಯಾರಾದವುಗಳಲ್ಲಿ ವಿದ್ಯುತ್ ಉತ್ಪಾದಿಸಲು ಡೈನಮೊ, ಅನಂತರದವುಗಳಲ್ಲಿ ಆಲ್ಟರ್ನೇಟರ್. ಅಭಿಮಾನಿಗಳು ಮೊದಲಿನವನ್ನು ‘ಅರವತ್ನಾಲ್ಕೂವರೆ’ ಎಂದು ಕರೆಯುವುದು ಇದೇ ಕಾರಣಕ್ಕೆ. ‘1965ರ ಮಸ್ಟಾಂಗ್‌ನಲ್ಲಿ ಡೈನಮೊ ಇದೆ, ಯಾರೋ ಬದಲಿಸಿದ್ದಾರೆ’ ಎಂದು ತೀರ್ಮಾನಿಸಿ ಅದನ್ನು ಕಿತ್ತವರು ಅಸಲಿಯನ್ನೇ ಕಿತ್ತಿರುತ್ತಾರೆ.

ಹದಿನೇಳು ಅಕ್ಷರಗಳ ಚಾಸಿ ಸಂಖ್ಯೆ ಅಮೆರಿಕದಲ್ಲಿ ಕಡ್ಡಾಯವಾದದ್ದು 1981ರ ಮಾದರಿಗಳಿಂದ. ಅದಕ್ಕೂ ಹಿಂದೆ ಪ್ರತಿ ಕಂಪನಿಗೂ ತನ್ನದೇ ಲಿಪಿ. ಆದ್ದರಿಂದ ನಿಮ್ಮ ಕಾರಿನ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಬಾಡಿ ಸಂಖ್ಯೆ ಮೂರನ್ನೂ ಬರೆದುಕೊಂಡು, ಆ ಮಾದರಿಯ ಬಿಡಿಭಾಗಗಳ ಪಟ್ಟಿಯ ಪುಸ್ತಕದಲ್ಲಿ ‘ಈ ಚಾಸಿ ಸಂಖ್ಯೆಯವರೆಗೆ, ಈ ಸಂಖ್ಯೆಯಿಂದ’ ಎಂದು ಕೊಟ್ಟಿರುವ ಗಡಿಗಳೊಂದಿಗೆ ಹೋಲಿಸಿ. ಕೆಲವು ಹಳೆಯ ಕಂಪನಿಗಳ ತಯಾರಿಕಾ ದಾಖಲೆ ಇನ್ನೂ ಉಳಿದಿದೆ. ಹಲವು ಬ್ರಿಟಿಷ್ ಕಾರುಗಳಿಗೆ ಬ್ರಿಟಿಷ್ ಮೋಟಾರ್ ಇಂಡಸ್ಟ್ರಿ ಹೆರಿಟೇಜ್ ಟ್ರಸ್ಟ್, ಜಾಗ್ವಾರ್ ಮತ್ತು ಡೈಮ್ಲರ್ ಕಾರುಗಳಿಗೆ ಅವುಗಳದೇ ಟ್ರಸ್ಟ್ ಪ್ರಮಾಣಪತ್ರ ಕೊಡುತ್ತವೆ. ಕಾರು ಎಂದು ತಯಾರಾಯಿತು, ಯಾವ ಬಣ್ಣ, ಯಾವ ಎಂಜಿನ್ ಸಂಖ್ಯೆಯೊಂದಿಗೆ ಹೊರಬಿತ್ತು ಎಂಬಂಥ ವಿವರ ಅದರಲ್ಲಿರುತ್ತದೆ. ಎಷ್ಟೋ ವಾದಗಳು ಆ ಒಂದು ಹಾಳೆಯಿಂದ ಮುಗಿಯುತ್ತವೆ.

ಬದಲಾವಣೆಯ ಗಡಿಗಳು ಗೋಡೆಯಂತೆ ನೆಟ್ಟಗಿರುವುದಿಲ್ಲ ಎಂಬುದೂ ನೆನಪಿರಲಿ. 1967–68ರ ಜಾಗ್ವಾರ್ ಇ-ಟೈಪಿನಲ್ಲಿ ಹೊಸ ಭಾಗಗಳು ಒಂದೇ ದಿನ ಬರಲಿಲ್ಲ, ಒಂದೊಂದಾಗಿ ಒಳಗೆ ಬಂದವು. ಈಗ ಎಲ್ಲರೂ ‘ಸೀರೀಸ್ ಒಂದೂವರೆ’ ಎನ್ನುತ್ತಾರೆ. ಕಾರ್ಖಾನೆ ಆ ಹೆಸರನ್ನು ಬಳಸಿರಲೇ ಇಲ್ಲ. ಉಗ್ರಾಣದ ಹಳೆಯ ದಾಸ್ತಾನು ಖಾಲಿಯಾಗುವ ತನಕ ಹಳೆಯದನ್ನೇ ಹಾಕುವುದು ಯಾವ ಕಾರ್ಖಾನೆಗೂ ಸಹಜ.

3. ಭಾಗದ ಮೇಲಿನ ಬರಹ ಓದಿ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ, ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಅಂಕಿ ಓರೆ ಬೆಳಕಿನಲ್ಲಿ ಎದ್ದು ನಿಲ್ಲುತ್ತದೆ. ಇನ್ನೂ ಮಸುಕಾಗಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲಿನ ಮೈಯಿಂದ ತಿಕ್ಕಿ. ಅಲ್ಯೂಮಿನಿಯಂ ಮತ್ತು ಹಿತ್ತಾಳೆಯ ಫಲಕಗಳಿಗೆ ತಂತಿ ಬ್ರಷ್ ಮುಟ್ಟಿಸಬೇಡಿ.

ಕಾಣುವ ಸಂಖ್ಯೆ ಎರಡು ಬಗೆಯದು. ಉಬ್ಬಿ ನಿಂತದ್ದು ಎರಕದ ಅಚ್ಚಿನಿಂದ ಬಂದದ್ದು, ಕೊರೆದದ್ದು ಅಥವಾ ಬಡಿದದ್ದು ಆಮೇಲೆ ಹಾಕಿದ್ದು. ಉಬ್ಬು ಸಂಖ್ಯೆಯನ್ನು ಬಿಡಿಭಾಗದ ಸಂಖ್ಯೆ ಎಂದುಕೊಂಡು ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಿಕ್ಕಿದರೂ ಬೇರೆಯದೇ ಇರುತ್ತದೆ. ಒಂದೇ ಎರಕದ ತುಂಡನ್ನು ಬೇರೆ ಬೇರೆಯಾಗಿ ಕೊರೆದು ಎರಡು ಮೂರು ಮಾದರಿಗಳಿಗೆ ಹಾಕುತ್ತಿದ್ದರು. ಹೀಗಾಗಿ ಉಬ್ಬು ಸಂಖ್ಯೆ ಒಂದೇ ಇದ್ದೂ ಭಾಗಗಳು ಬೇರೆಯಾಗಿರಬಹುದು.

ದಿನಾಂಕ ಓದುವುದು ಇನ್ನೂ ಸ್ವಾರಸ್ಯದ ಕೆಲಸ. ಲೂಕಾಸ್ ಕಂಪನಿಯ ಡೈನಮೊ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರುಗಳ ಮೈಮೇಲೆ ತಿಂಗಳು ಮತ್ತು ವರ್ಷ ಸರಳವಾಗಿ ಇರುತ್ತದೆ: ‘6 62’ ಎಂದರೆ 1962ರ ಜೂನ್. ಜನರಲ್ ಮೋಟಾರ್ಸ್‌ನವರ ಎರಕದಲ್ಲಿ ತಿಂಗಳಿಗೆ ಅಕ್ಷರ. ಜನವರಿಗೆ ‘ಎ’ಯಿಂದ ಡಿಸೆಂಬರಿಗೆ ‘ಎಲ್’ವರೆಗೆ, ಆಮೇಲೆ ದಿನ, ಆಮೇಲೆ ವರ್ಷದ ಕೊನೆಯ ಅಂಕಿ. ‘ಸಿ 14 9’ ಎಂದಿದ್ದರೆ ಮಾರ್ಚ್ 14, ಆದರೆ ಆ 9 ಎಂಬುದು 1959ರದೋ 1969ರದೋ ಎಂದು ಎರಕದ ಸಂಖ್ಯೆಯಿಂದಲೇ ತಿಳಿಯಬೇಕು. ಫೋರ್ಡ್‌ನವರು ಅದೇ ದಿನವನ್ನು ‘9ಸಿ14’ ಎಂದು ಬರೆಯುತ್ತಿದ್ದರು, ವರ್ಷ ಮೊದಲು. ಅವರ ತಿಂಗಳ ಸಾಲಿನಲ್ಲಿ ‘ಐ’ ಅಕ್ಷರವಿಲ್ಲ, ಒಂದು ಎಂಬ ಅಂಕಿಯಂತೆ ಕಾಣುತ್ತದೆಂದು. ಹಾಗಾಗಿ ಅವರ ಡಿಸೆಂಬರ್ ‘ಎಂ’. ಗೊತ್ತಿಲ್ಲದವರು ಸೆಪ್ಟೆಂಬರಿನಿಂದಾಚೆಗೆ ಪ್ರತಿ ಭಾಗವನ್ನೂ ಒಂದು ತಿಂಗಳು ಮುಂದಕ್ಕೆ ತಳ್ಳಿ ‘ಇದು ಕಾರಿಗಿಂತ ಹೊಸದು’ ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಇನ್ನು ಮುಖ್ಯ ನಿಯಮ. ಕಾರು ತಯಾರಾದ ದಿನಕ್ಕಿಂತ ಭಾಗದ ದಿನಾಂಕ ಸ್ವಲ್ಪ ಹಿಂದಿರಬೇಕು. ಕೆಲವು ವಾರಗಳಿಂದ ಕೆಲವು ತಿಂಗಳು ಹಿಂದಿದ್ದರೆ ಅನುಮಾನ ಬೇಡ. ವರ್ಷಕ್ಕೂ ಮಿಕ್ಕಿ ಹಿಂದಿದ್ದರೆ ಬೇರೆ ಕಾರಿನಿಂದ ಬಂದಿರುವ ಸಂಭವ ಹೆಚ್ಚು. ಒಂದು ದಿನವಾದರೂ ಮುಂದಿದ್ದರೆ ಮಾತೇ ಇಲ್ಲ, ಅದು ಆಮೇಲೆ ಸೇರಿದ್ದು. ಈ ಒಂದು ಜರಡಿಯಲ್ಲಿಯೇ ಬಹುಪಾಲು ಒಗಟುಗಳು ಸೋಸಿಹೋಗುತ್ತವೆ.

ಎಂಜಿನ್ ಸಂಖ್ಯೆ ದಾಖಲೆಗೆ ಹೊಂದದಿದ್ದರೂ ಎದೆಗುಂದಬೇಡಿ. ಸವೆದ ಎಂಜಿನ್ನನ್ನು ಕೊಟ್ಟು ಕಾರ್ಖಾನೆಯೇ ನವೀಕರಿಸಿದ್ದನ್ನು ಪಡೆಯುವ ಪದ್ಧತಿ ಆಗ ವ್ಯಾಪಕವಾಗಿತ್ತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಗೋಲ್ಡ್ ಸೀಲ್’ ಎಂಜಿನ್ನುಗಳಿಗೆ ಚಿನ್ನದ ಬಣ್ಣವನ್ನೇ ಬಳಿಯುತ್ತಿದ್ದರು. ಬ್ಲಾಕಿನ ಸಂದುಗೊಂದಿನಲ್ಲಿ ಆ ಬಣ್ಣದ ಕುರುಹು ಸಿಕ್ಕರೆ ಕಥೆ ಅರ್ಧ ತಿಳಿದಂತೆ. ಹೊಂದದ ಸಂಖ್ಯೆಯನ್ನು ಅಳಿಸಿ ಹೊಂದುವಂತೆ ಬಡಿಯುವ ‘ಪರಿಹಾರ’ವನ್ನು ಯಾರಾದರೂ ಸೂಚಿಸಿದರೆ ಅವರಿಂದ ದೂರವಿರಿ. ಅದು ಪುನರುಜ್ಜೀವನವಲ್ಲ, ಅನೇಕ ದೇಶಗಳಲ್ಲಿ ಅಪರಾಧ.

4. ಥ್ರೆಡ್ ಅಳೆಯಿರಿ

ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಜನ ಅತಿ ಹೆಚ್ಚು ಹಾಳು ಮಾಡುವುದೂ ಇಲ್ಲೇ. ಥ್ರೆಡ್ ಅಂದರೆ ಬೋಲ್ಟಿನ ಮೈಮೇಲಿನ ಸುರುಳಿ ಗೆರೆ. ಬೇಕಾದ ಸಲಕರಣೆ ಎರಡೇ: ವರ್ನಿಯರ್ ಕ್ಯಾಲಿಪರ್, ಥ್ರೆಡ್ ಗೇಜ್.

ಹಳೆಯ ಬ್ರಿಟಿಷ್ ಕಾರುಗಳಲ್ಲಿ ವಿಟ್‌ವರ್ತ್ ಎಂಬ ಥ್ರೆಡ್ ಪದ್ಧತಿ ಮತ್ತು ಅದರ ನವುರಾದ ತಮ್ಮ ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಇರುತ್ತವೆ. ಇವುಗಳ ಥ್ರೆಡ್ಡಿನ ಕೋನ 55 ಡಿಗ್ರಿ. ಅಮೆರಿಕ, ಬ್ರಿಟನ್, ಕೆನಡಾ ಮೂರೂ ಸೇರಿ 1948ರಲ್ಲಿ ಒಪ್ಪಿಕೊಂಡ ಯೂನಿಫೈಡ್ ಪದ್ಧತಿಯ ಒರಟು ಥ್ರೆಡ್ ಯುಎನ್‌ಸಿ ಮತ್ತು ನವುರು ಥ್ರೆಡ್ ಯುಎನ್‌ಎಫ್‌ಗಳ ಕೋನ 60 ಡಿಗ್ರಿ, ಮೆಟ್ರಿಕ್ಕಿನದೂ 60. ಆ ಒಪ್ಪಂದದ ನಂತರ ಬ್ರಿಟಿಷ್ ಕಂಪನಿಗಳು ವರ್ಷಗಳ ಕಾಲ ಎಳೆಎಳೆಯಾಗಿ ಬದಲಾದವು. ಒಂದೇ ಕಾರಿನಲ್ಲಿ ಎಂಜಿನ್ ಒಂದು ಪದ್ಧತಿಯದು, ಬೇರೊಬ್ಬರಿಂದ ಕೊಂಡ ಕಾರ್ಬ್ಯುರೇಟರ್ ಇನ್ನೊಂದರದು ಎಂಬಂತೆ ಬೆರೆತಿದ್ದರೆ ಅದು ಸಹಜ.

ಮೋಸ ಹೋಗುವ ಜಾಗಗಳನ್ನು ಹೇಳುತ್ತೇನೆ. 1/4, 5/16, 3/8 ಅಂಗುಲದ ವಿಟ್‌ವರ್ತ್ ಮತ್ತು ಯುಎನ್‌ಸಿ ಎರಡಕ್ಕೂ ಅಂಗುಲಕ್ಕೆ ಕ್ರಮವಾಗಿ 20, 18, 16 ಥ್ರೆಡ್. ಕೋನ ಬೇರೆಯಾದರೂ ಒಂದು ಇನ್ನೊಂದಕ್ಕೆ ನುಗ್ಗಿಬಿಡುತ್ತದೆ. 1/2 ಅಂಗುಲಕ್ಕೆ ಬಂದಾಗ ಮಾತ್ರ ವಿಟ್‌ವರ್ತ್ 12, ಯುಎನ್‌ಸಿ 13. ಎರಡು ಸುತ್ತು ಸಲೀಸಾಗಿ ಹೋಗಿ ಹಿಡಿದುಕೊಳ್ಳುತ್ತದೆ. ಅಲ್ಲಿ ಬಲ ಹಾಕಿದರೆ ಎರಕವೇ ಸೀಳುತ್ತದೆ. 1/4 ಅಂಗುಲದ ಬಿಎಸ್‌ಎಫ್ 26, ಯುಎನ್‌ಎಫ್ 28. ಇಲ್ಲಿಯೂ ಅದೇ ಕಥೆ.

ಆರಂಭದಲ್ಲಿ ಹೇಳಿದ ಎಂಟನೆಯ ಬೋಲ್ಟು ಇಂಥದ್ದೇ. ಏಳು ಬೋಲ್ಟುಗಳ ತಲೆಗೆ ಅರ್ಧ ಅಂಗುಲದ ಸ್ಪ್ಯಾನರ್ ಸರಿಹೊಂದುತ್ತಿತ್ತು. ಎಂಟನೆಯದಕ್ಕೆ 13 ಮಿಲಿಮೀಟರಿನದು ಕೂರದು, 14ರದು ಜಾರುವುದು. ಅಳೆದಾಗ ತಲೆಯ ಅಗಲ 0.525 ಅಂಗುಲ, ಅಂದರೆ 1/4 ವಿಟ್‌ವರ್ತ್ ಎಂದು ಗುರುತಿರುವ ಸ್ಪ್ಯಾನರಿನದು. ವಿಟ್‌ವರ್ತ್ ಸ್ಪ್ಯಾನರಿನ ಮೇಲಿನ ಅಂಕಿ ಬೋಲ್ಟಿನ ಮೈ ದಪ್ಪವನ್ನು ಸೂಚಿಸುತ್ತದೆ, ತಲೆಯ ಅಗಲವನ್ನಲ್ಲ. ಅದು ತಿಳಿಯದೆ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ. ಈ ಬೋಲ್ಟು ಮಾತ್ರ ತಲೆಯನ್ನು ಒಂದು ಅಳತೆ ಸಣ್ಣದಾಗಿಸಿದ ಆಮೇಲಿನ ಬಗೆಯದು: ಮೈ ದಪ್ಪ 5/16 ಅಂಗುಲ, ಥ್ರೆಡ್ 18, ಆದ್ದರಿಂದ ಅದೇ ಅಳತೆಯ ಯುಎನ್‌ಸಿ ರಂಧ್ರದೊಳಗೆ ಹೇಗೋ ಕುಳಿತಿತ್ತು. ಯಾರದೋ ದುರಸ್ತಿ ಡಬ್ಬದಲ್ಲಿ ಕೈಗೆ ಸಿಕ್ಕ ಬೋಲ್ಟು.

ಇದಕ್ಕೆ ತದ್ವಿರುದ್ಧವಾದದ್ದು ಎಂಜಿ ಟಿ ಸರಣಿಯ ಎಂಜಿನ್. ಬ್ರಿಟಿಷ್ ಕಾರು, ಬೋಲ್ಟಿನ ತಲೆಗೆ ವಿಟ್‌ವರ್ತ್ ಸ್ಪ್ಯಾನರ್, ಆದರೆ ಥ್ರೆಡ್ ಮಾತ್ರ ಮೆಟ್ರಿಕ್. 8 ಮಿಲಿಮೀಟರ್ ದಪ್ಪದ ಬೋಲ್ಟಿಗೆ ಇವತ್ತಿನ ಅಂಗಡಿಗಳಲ್ಲಿ ಸಿಗುವ 1.25 ಮಿಲಿಮೀಟರ್ ಅಂತರದ ಥ್ರೆಡ್ ಅಲ್ಲ, 1 ಮಿಲಿಮೀಟರಿನದು. ಮೋರಿಸ್ ಕಂಪನಿ 1923ರಲ್ಲಿ ಫ್ರೆಂಚ್ ಮೂಲದ ಹಾಚ್ಕಿಸ್‌ನ ಇಂಗ್ಲೆಂಡಿನ ಎಂಜಿನ್ ಕಾರ್ಖಾನೆಯನ್ನು ಕೊಂಡಿತು. ಅಲ್ಲಿನ ಯಂತ್ರಗಳು ಮೆಟ್ರಿಕ್ ಥ್ರೆಡ್ ಕೊರೆಯುತ್ತಿದ್ದವು. ಯಂತ್ರ ಬದಲಿಸುವ ಖರ್ಚು ಬೇಡವೆಂದು ಥ್ರೆಡ್ಡನ್ನು ಹಾಗೇ ಬಿಟ್ಟು, ಮೆಕ್ಯಾನಿಕ್ಕುಗಳ ಕೈಯಲ್ಲಿರುವ ಸ್ಪ್ಯಾನರಿಗೆ ತಕ್ಕಂತೆ ತಲೆಯನ್ನು ಮಾತ್ರ ವಿಟ್‌ವರ್ತ್ ಅಳತೆಗೆ ಮಾಡಿದರು. ಕೈಯಲ್ಲಿ ಹಿಡಿದು ನೋಡಿದರೆ ಇದಕ್ಕಿಂತ ಹೊಂದದ ವಸ್ತು ಇನ್ನೊಂದಿಲ್ಲ ಅನ್ನಿಸುತ್ತದೆ. ಅದೇ ಅಸಲಿ. ಅದನ್ನು ‘ಸರಿ’ ಮಾಡಲು ಹೋಗಿ 5/16 ಯುಎನ್‌ಎಫ್ ಬೋಲ್ಟು ತುರುಕಿದವರ ಎಂಜಿನ್ನುಗಳನ್ನು ಆಮೇಲೆ ಬೇರೊಬ್ಬರು ಅಳುತ್ತ ಸರಿಮಾಡಬೇಕಾಗುತ್ತದೆ.

ಬ್ರೇಕಿನ ಕೊಳವೆಗಳ ನಟ್ಟುಗಳಲ್ಲಿ ಈ ಗೊಂದಲ ಪ್ರಾಣಕ್ಕೇ ಕುತ್ತು. 3/8 ಅಂಗುಲ ಯುಎನ್‌ಎಫ್‌ನ ದಪ್ಪ 9.525 ಮಿಲಿಮೀಟರ್, ಅಂಗುಲಕ್ಕೆ 24 ಥ್ರೆಡ್. 10 ಮಿಲಿಮೀಟರಿನ ಮೆಟ್ರಿಕ್ ನಟ್ಟಿನ ಥ್ರೆಡ್ ಅಂತರ 1 ಮಿಲಿಮೀಟರ್, ಅಂದರೆ ಅಂಗುಲಕ್ಕೆ 25.4. ಕಣ್ಣಿಗೆ ಎರಡೂ ಒಂದೇ. ಮೆಟ್ರಿಕ್ ರಂಧ್ರಕ್ಕೆ ಯುಎನ್‌ಎಫ್ ನಟ್ಟು ಸಡಿಲವಾಗಿ ಹೋಗಿ, ಬಿಗಿದಂತೆಯೂ ಭಾಸವಾಗಿ, ಪೆಡಲನ್ನು ಜೋರಾಗಿ ಒತ್ತಿದ ದಿನ ಕಿತ್ತುಬರಬಹುದು. ಬ್ರೇಕಿನ ಪ್ರತಿಯೊಂದು ನಟ್ಟನ್ನೂ ಕ್ಯಾಲಿಪರಿನಿಂದ ಅಳೆಯಿರಿ, ಕಣ್ಣಳತೆ ಬೇಡ. ಕೊಳವೆಯ ತುದಿ ಅರಳಿಸಿದ ಆಕಾರವೂ ಕೂರುವ ಜಾಗಕ್ಕೆ ಹೊಂದಬೇಕು.

ಬೋಲ್ಟಿನ ತಲೆಯ ಮೇಲಿನ ಗುರುತನ್ನೂ ನೋಡಿ. ಮೂರು ಗೆರೆಗಳಿದ್ದರೆ ಅಮೆರಿಕದ ಗ್ರೇಡ್ 5, ಆರು ಗೆರೆಗಳಿದ್ದರೆ ಗ್ರೇಡ್ 8. ಮೆಟ್ರಿಕ್ಕಿನಲ್ಲಿ 8.8, 10.9 ಎಂದು ಬರೆದೇ ಇರುತ್ತದೆ. ಸಸ್ಪೆನ್ಷನ್ನಿನಲ್ಲಿ ಯಾವ ಗುರುತೂ ಇಲ್ಲದ ಹೊಳೆಯುವ ಬೋಲ್ಟು ಕಂಡರೆ, ಅಸಲಿಯೋ ನಕಲಿಯೋ ಎಂಬ ಚರ್ಚೆಯನ್ನು ಪಕ್ಕಕ್ಕಿಟ್ಟು ಸರಿಯಾದ ಶಕ್ತಿಯದನ್ನು ಹಾಕಿ.

5. ತಗಡು ಮತ್ತು ಬಣ್ಣ

ಬಾಗಿಲು, ಬಾನೆಟ್, ಮಡ್‌ಗಾರ್ಡುಗಳ ಮೂಲ ತಿಳಿಯಲು ಕಾಣದ ಜಾಗವೊಂದನ್ನು ಆರಿಸಿ, ನವುರಾದ ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಮರಳುಕಾಗದ) ನಾಣ್ಯದಷ್ಟು ವೃತ್ತವನ್ನು ಲೋಹ ಕಾಣುವ ತನಕ ನಿಧಾನವಾಗಿ ತಿಕ್ಕಿ. ಮರದ ಉಂಗುರಗಳಂತೆ ಬಣ್ಣದ ಪದರಗಳು ತೆರೆದುಕೊಳ್ಳುತ್ತವೆ. ನಾಲ್ಕು ಕಡೆ ಹೀಗೆ ಮಾಡಿ ಹೋಲಿಸಿ. ಮೂರು ಕಡೆ ಪ್ರೈಮರಿನ ಮೇಲೆ ಹಸಿರು, ಎಡ ಬಾಗಿಲಿನಲ್ಲಿ ಮಾತ್ರ ಕೆಂಪು ಎಂದಾದರೆ ಆ ಬಾಗಿಲು ದತ್ತು ಬಂದದ್ದು. ಡ್ಯಾಶ್‌ಬೋರ್ಡಿನ ಹಿಂಬದಿ, ಬಾಗಿಲಿನ ಒಳಹೊದಿಕೆಯ ಕೆಳಗೆ, ಹಿಂಜಿನ ಅಡಿ ಇವು ಸುಳ್ಳು ಹೇಳದ ಜಾಗಗಳು.

ರಂಧ್ರಗಳನ್ನೂ ಓದಬಹುದು. ಕಾರ್ಖಾನೆಯಲ್ಲಿ ಒತ್ತಿ ತೆಗೆದ ರಂಧ್ರದ ಅಂಚು ನುಣುಪು, ಅದರ ಅಂಚಿನ ಮೇಲೂ ಮೂಲ ಬಣ್ಣ ಹರಿದಿರುತ್ತದೆ. ಆಮೇಲೆ ಡ್ರಿಲ್ ಮಾಡಿದ್ದರ ಹಿಂಬದಿಯಲ್ಲಿ ಒರಟು ಅಂಚು, ಅಲ್ಲಿಂದಲೇ ತುಕ್ಕು. ಆದರೆ ಉಪಯೋಗವಿಲ್ಲದ ರಂಧ್ರವೆಲ್ಲ ಹಿಂದಿನವರ ಪಾಪವಲ್ಲ. ಎಡಗೈ, ಬಲಗೈ ಚಾಲನೆಯ ಎರಡೂ ಕಾರುಗಳಿಗೆ ಒಂದೇ ತಗಡನ್ನು ಒತ್ತಿ, ಬೇಡದ ಬದಿಯನ್ನು ರಬ್ಬರ್ ಬಿರಡೆಯಿಂದಲೋ ಸಣ್ಣ ಫಲಕದಿಂದಲೋ ಮುಚ್ಚುವುದು ಸಾಮಾನ್ಯ ಪದ್ಧತಿ. ಅಂಥ ಫಲಕವನ್ನು ಕಿತ್ತು ವೆಲ್ಡಿಂಗ್ ಮಾಡಿ ನುಣುಪಾಗಿಸಿದವರೊಬ್ಬರನ್ನು ಬಲ್ಲೆ. ಬಹಳ ಅಚ್ಚುಕಟ್ಟಾದ ಕೆಲಸ, ಪೂರ್ತಿ ತಪ್ಪು.

ಕೈಯಿಂದ ಬಡಿದು ಮಾಡಿದ ಬಾಡಿಗಳಲ್ಲಿ ಎಡ ಬಲಗಳ ನಡುವೆ ಕೆಲವು ಮಿಲಿಮೀಟರುಗಳ ವ್ಯತ್ಯಾಸ ಇದ್ದೇ ಇರುತ್ತದೆ. ಅದನ್ನು ತಿದ್ದಬೇಡಿ. ಆದರೆ ನೆಲದ ತಗಡಿನ ಅಡ್ಡಕ್ಕೆ, ಎರಡೂ ಬದಿಯ ಕಂಬಗಳ ಮೂಲಕ ಒಂದೇ ನೇರದಲ್ಲಿ ವೆಲ್ಡಿಂಗ್ ಗೆರೆ ಕಂಡು, ಅದರ ಹಿಂದೆ ಮುಂದೆ ಬಣ್ಣದ ಪದರಗಳೂ ಬೇರೆಯಾಗಿದ್ದರೆ ಕೆಲಸ ಅಲ್ಲಿಗೆ ನಿಲ್ಲಿಸಿ. ಅಪಘಾತವಾದ ಎರಡು ಕಾರುಗಳ ಅರ್ಧರ್ಧ ಸೇರಿಸಿದ ಕಾರು ಅದಾಗಿರಬಹುದು. ಬಾಡಿ ಪರೀಕ್ಷಿಸಬಲ್ಲ ತಜ್ಞರಿಗೆ ತೋರಿಸದೆ ಒಂದು ಬೋಲ್ಟನ್ನೂ ಮುಂದಕ್ಕೆ ತಿರುಗಿಸಬೇಡಿ.

6. ವೈರಿಂಗ್

ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದು ಮೊದಲು ನೋಡಿ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಿನವುಗಳಿಗೆ ಪಾಸಿಟಿವ್ ತುದಿ ಬಾಡಿಗೆ. ಎಂಜಿ ಕಂಪನಿಯ ಎಂಜಿಬಿ ಕಾರು 1967ರ ಕೊನೆಯಲ್ಲಿ ನೆಗೆಟಿವ್‌ಗೆ ಬದಲಾಯಿತು, ಆಗಲೇ ಡೈನಮೊ ಹೋಗಿ ಆಲ್ಟರ್ನೇಟರ್ ಬಂತು. ಹಳೆಯ ಕಾರಿಗೆ ಹೊಸ ಕಾಲದ ಆಲ್ಟರ್ನೇಟರನ್ನೋ ರೇಡಿಯೊವನ್ನೋ ಹಾಕಿದ್ದರೆ, ತುದಿ ಅದಲುಬದಲಾದ ಕ್ಷಣವೇ ಅದರೊಳಗಿನ ಡಯೋಡುಗಳು ಸುಡುತ್ತವೆ.

ತಂತಿಯ ಬಣ್ಣವೂ ಊರು ಹೇಳುತ್ತದೆ. ಲೂಕಾಸ್ ಪದ್ಧತಿಯಲ್ಲಿ ಕಂದು ಎಂದರೆ ಬ್ಯಾಟರಿಯಿಂದ ನೇರ, ಬಿಳಿ ಎಂದರೆ ಇಗ್ನಿಷನ್ ಕೀಲಿಯ ನಂತರ, ಹಸಿರು ಎಂದರೆ ಕೀಲಿಯ ನಂತರವೇ, ಆದರೆ ಫ್ಯೂಸಿನ ಮೂಲಕ, ಕಪ್ಪು ಎಂದರೆ ಅರ್ಥ್, ಅಂದರೆ ಬಾಡಿಗೆ ಸೇರುವ ತಂತಿ. ಜರ್ಮನ್ ಕಾರುಗಳಲ್ಲಿ ತುದಿಗಳಿಗೆ ಅಂಕಿ: 30 ನೇರ ಬ್ಯಾಟರಿ, 15 ಇಗ್ನಿಷನ್, 31 ಅರ್ಥ್. ಹಸಿರು ತಂತಿ ಹೆಡ್‌ಲೈಟಿಗೆ ಹೋಗುತ್ತಿದ್ದರೆ ಅಲ್ಲಿಂದಾಚೆ ಯಾವ ಬಣ್ಣವನ್ನೂ ನಂಬದೆ ಮೀಟರ್ ಹಿಡಿದು ಒಂದೊಂದೇ ತಂತಿ ಪರೀಕ್ಷಿಸಿ.

7. ಜೋಡಿ ಬಿಡಿಸಬಾರದವು, ಜೋಡಿಸಲೇಬಾರದವು

ಕೆಲವು ಭಾಗಗಳು ಹುಟ್ಟಿನಿಂದಲೇ ಜೋಡಿ. ಕ್ರ್ಯಾಂಕ್‌ಶಾಫ್ಟನ್ನು ಹಿಡಿಯುವ ಮುಖ್ಯ ಬೇರಿಂಗ್ ಕ್ಯಾಪುಗಳನ್ನು ಬ್ಲಾಕಿಗೆ ಬಿಗಿದಿಟ್ಟೇ ರಂಧ್ರ ಕೊರೆದಿರುತ್ತಾರೆ. ಬೇರೆ ಬ್ಲಾಕಿನ ಕ್ಯಾಪು ಕೂತಂತೆ ಕಂಡರೂ ರಂಧ್ರ ದುಂಡಗಿರುವುದಿಲ್ಲ. ಕನೆಕ್ಟಿಂಗ್ ರಾಡಿಗೂ ಅದರ ಕ್ಯಾಪಿಗೂ ಇದೇ ನಂಟು, ಒಂದೇ ಬದಿಯಲ್ಲಿ ಒಂದೇ ಅಂಕಿ ಬಡಿದಿರುತ್ತದೆ. ಎರಡು ಚಕ್ರಗಳಿಗೆ ತಿರುಗುಬಲ ಹಂಚುವ ಡಿಫರೆನ್ಷಿಯಲ್ಲಿನ ಕ್ರೌನ್ ವೀಲ್ ಮತ್ತು ಪಿನಿಯನ್ ಮೇಲೆ ಜೋಡಿಸಂಖ್ಯೆ ಕೊರೆದಿರುತ್ತದೆ. ಎಸ್‌ಯು ಕಾರ್ಬ್ಯುರೇಟರಿನ ಪಿಸ್ಟನ್ ಮತ್ತು ಅದರ ಗುಮ್ಮಟವೂ ಜೋಡಿಯೇ. ಎರಡು ಕಾರ್ಬ್ಯುರೇಟರುಗಳನ್ನು ಒಟ್ಟಿಗೆ ತೊಳೆದು ಗುಮ್ಮಟಗಳನ್ನು ಅದಲುಬದಲು ಮಾಡಿದ ಮೇಲೆ ಎಂಜಿನ್ ಯಾಕೆ ಕೆಮ್ಮುತ್ತದೆ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡವನು ಈ ಲೇಖನ ಬರೆಯುತ್ತಿದ್ದಾನೆ.

ಇನ್ನು ಸೇರಬಾರದವು. 6 ವೋಲ್ಟಿನ ಬೀಟಲ್‌ಗಳ ಫ್ಲೈವೀಲಿಗೆ 109 ಹಲ್ಲು, 12 ವೋಲ್ಟಿನವಕ್ಕೆ 130. ಫ್ಲೈವೀಲ್ ಒಂದು ಕಾಲದ್ದು, ಸ್ಟಾರ್ಟರ್ ಇನ್ನೊಂದು ಕಾಲದ್ದಾದರೆ ಹಲ್ಲು ಹಲ್ಲು ಕಡಿಯುವ ಸದ್ದು ಕೇಳುತ್ತದೆ. ಹಲ್ಲು ಎಣಿಸುವುದು ಹತ್ತು ನಿಮಿಷದ ಕೆಲಸ. ಸಿಟ್ರೊಯೆನ್ ಡಿಎಸ್‌ನಲ್ಲಿ 1966ರ ಕೊನೆಗೆ ಹೈಡ್ರಾಲಿಕ್ ದ್ರವವೇ ಬದಲಾಯಿತು, ಕೆಂಪು ಹೋಗಿ ಖನಿಜ ಎಣ್ಣೆಯ ಹಸಿರು ದ್ರವ ಬಂತು. ಅಮೆರಿಕಕ್ಕೆ ಕಳುಹಿಸಿದ ಕಾರುಗಳಲ್ಲಿ ಹಳೆಯದು ಇನ್ನೂ ಕೆಲಕಾಲ ಉಳಿದಿತ್ತು. ಎರಡರ ರಬ್ಬರ್ ಸೀಲುಗಳೂ ಬೇರೆ. ಹೊಸ ಪದ್ಧತಿಯ ಭಾಗಗಳಿಗೆ ಗುರುತಿಗಾಗಿ ಹಸಿರು ಬಣ್ಣ ಬಳಿದಿದ್ದರು. ಕಪ್ಪು ಭಾಗಗಳ ನಡುವೆ ಒಂದು ಹಸಿರು ಭಾಗ ಕಂಡರೆ ದ್ರವ ಸುರಿಯುವ ಮೊದಲು ಪ್ರತಿಯೊಂದು ಸೀಲನ್ನೂ ಬಿಚ್ಚಿ ನೋಡಿ.

ಒಂದೇ ನಟ್ಟಿನಿಂದ ಬಿಗಿಯುವ ತಂತಿ ಚಕ್ರಗಳ ವಿಷಯದಲ್ಲಿ ಬುದ್ಧಿ ಹೇಳುವುದಕ್ಕೆ ವಿರುದ್ಧವಾದದ್ದು ಸರಿ. ಕಾರಿನ ಎಡಬದಿಯ ಹಬ್ಬಿಗೆ ಸಾಮಾನ್ಯ ಬಲ ಥ್ರೆಡ್, ಬಲಬದಿಗೆ ಎಡ ಥ್ರೆಡ್. ಅಂದರೆ ನಟ್ಟನ್ನು ಬಿಚ್ಚಲು ತಿರುಗಿಸುವ ದಿಕ್ಕೂ ಕಾರು ಮುಂದಕ್ಕೆ ಹೋಗುವಾಗ ಚಕ್ರ ತಿರುಗುವ ದಿಕ್ಕೂ ಒಂದೇ ಆಗಿರಬೇಕು. ಹಬ್ಬುಗಳು ಎಡಬಲ ಅದಲುಬದಲಾಗಿದ್ದರೆ ನಟ್ಟು ಓಡುತ್ತಲೇ ಸಡಿಲಗೊಂಡು ಚಕ್ರ ಕಳಚುತ್ತದೆ. ಹಲವು ಬೋಲ್ಟುಗಳ ಸಾಮಾನ್ಯ ಚಕ್ರಗಳಲ್ಲಿ ಲೆಕ್ಕ ತಿರುಗುಮುರುಗು: ಕ್ರೈಸ್ಲರ್ ಕಂಪನಿ 1970ರವರೆಗೂ ಎಡಬದಿಯ ಚಕ್ರಗಳಿಗೆ ಎಡ ಥ್ರೆಡ್ಡಿನ ಸ್ಟಡ್ ಹಾಕುತ್ತಿತ್ತು. ಅಲ್ಲಿ ನಟ್ಟು ಬಿಚ್ಚಿ ಬರುತ್ತಿಲ್ಲವೆಂದು ಉದ್ದದ ಪೈಪು ಹಾಕಿ ಎಳೆದರೆ ಅದನ್ನು ಇನ್ನಷ್ಟು ಬಿಗಿದು ಮುರಿಯುತ್ತೀರಿ.

8. ಕಾಣದ ಹೊಂದಿಕೆಯನ್ನು ಎಣಿಸಿ ತಿಳಿಯುವುದು

ಸ್ಪೀಡೋಮೀಟರ್ ತಪ್ಪು ತೋರಿಸುತ್ತಿದ್ದರೆ ಅದನ್ನು ಬಿಚ್ಚುವ ಮೊದಲು ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಅದಕ್ಕೆ ಹೊಂದುತ್ತವೆಯೇ ನೋಡಿ. ಸ್ಮಿತ್ಸ್ ಕಂಪನಿಯ ಮೀಟರುಗಳ ಮುಖದ ಮೇಲೆ 1280 ಎಂಬಂಥ ಸಣ್ಣ ಅಂಕಿ ಇರುತ್ತದೆ. ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ ಅದು. ಕೇಬಲನ್ನು ಮೀಟರಿನಿಂದ ಬಿಡಿಸಿ, ಒಳತಂತಿಯ ತುದಿಗೆ ಕಾಗದದ ಬಾವುಟ ಸಿಕ್ಕಿಸಿ, ಗೇರನ್ನು ನ್ಯೂಟ್ರಲ್ಲಿಗಿಟ್ಟು, ಸಮತಟ್ಟಾದ ನೆಲದಲ್ಲಿ ಕಾರನ್ನು 16.09 ಮೀಟರ್ ತಳ್ಳಿಸಿ. ಅದು ಮೈಲಿಯ ನೂರನೇ ಒಂದು ಪಾಲು. ಬಾವುಟ 12.8 ಸುತ್ತು ತಿರುಗಿದರೆ ಮೀಟರಿಗೂ ಕಾರಿಗೂ ಹೊಂದಿಕೆ ಸರಿಯಿದೆ.

ಆಕ್ಸಲ್ಲಿನ ಅನುಪಾತಕ್ಕೆ, ಮುಂದಿನ ಚಕ್ರಗಳಿಗೆ ಅಡೆ ಕೊಟ್ಟು, ಹಿಂದಿನ ಒಂದೇ ಚಕ್ರವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ, ಗೇರ್ ನ್ಯೂಟ್ರಲ್. ಎತ್ತಿದ ಚಕ್ರವನ್ನು ಸರಿಯಾಗಿ 20 ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ದಂಡ) ಎಷ್ಟು ಸುತ್ತಿತು ಎಂದು ಇನ್ನೊಬ್ಬರು ಎಣಿಸಲಿ. ಆ ಸಂಖ್ಯೆಯ ಹತ್ತನೇ ಒಂದು ಪಾಲೇ ಅನುಪಾತ. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಡಿಫರೆನ್ಷಿಯಲ್ ಅರ್ಧ ವೇಗದಲ್ಲಿ ತಿರುಗುತ್ತದೆ, ಹಾಗಾಗಿ ಶಾಫ್ಟಿನ ಸುತ್ತುಗಳನ್ನು 20ರ ಬದಲು 10ರಿಂದ ಭಾಗಿಸುವುದು. ಎಂಜಿಬಿಯಲ್ಲಿ 39 ಸುತ್ತು ಮತ್ತು ತುಸು ಬಂದರೆ ಅದು 43ಕ್ಕೆ 11 ಹಲ್ಲಿನ, 3.909ರ ಅಸಲಿ ಆಕ್ಸಲ್. ಜಾರುವಿಕೆ ತಡೆಯುವ ಡಿಫರೆನ್ಷಿಯಲ್ ಇದ್ದರೆ ಈ ಉಪಾಯ ನಡೆಯುವುದಿಲ್ಲ.

9. ಇಟ್ಟುಕೊಳ್ಳಬೇಕೇ, ಬದಲಿಸಬೇಕೇ?

ಬ್ರೇಕು, ಸ್ಟೀರಿಂಗು, ಚಕ್ರ, ಇಂಧನದ ಕೊಳವೆ ಇವುಗಳಲ್ಲಿ ಹೊಂದದ್ದು ಕಂಡರೆ ಬದಲಿಸಿ, ಅದಕ್ಕೆ ಎಷ್ಟೇ ಚಂದದ ಇತಿಹಾಸವಿದ್ದರೂ. ಉಳಿದವುಗಳಲ್ಲಿ ನಾನು ಉದಾರಿ. ಕಾರು ಹೊಸದಿದ್ದಾಗಲೇ ಯಾರೋ ಹಾಕಿಸಿದ ಬೇರೆ ಕಂಪನಿಯ ದೀಪವನ್ನು ನಾನು ತೆಗೆಯುವುದಿಲ್ಲ. ಪ್ರದರ್ಶನದಲ್ಲಿ ಅಂಕ ಕಳೆದುಕೊಳ್ಳುವುದು ಬೇಡ ಎನ್ನುವವರು ತೆಗೆಯಲಿ, ಆದರೆ ಚೀಟಿ ಅಂಟಿಸಿ ಜೋಪಾನವಾಗಿಡಲಿ. ಈಗಿನ ಕಾಲದ ನಕಲು ಭಾಗಗಳಲ್ಲಿ ಹಳೆಯ ಸಂಖ್ಯೆ, ಹಳೆಯ ದಿನಾಂಕ ಸಮೇತ ಅಚ್ಚಾಗಿ ಬರುವುದುಂಟು. ಆದ್ದರಿಂದ ಕೊಳ್ಳುವಾಗ ಸಂಖ್ಯೆಯೊಂದನ್ನೇ ನೆಚ್ಚದೆ, ಅಂಚಿನ ನುಣುಪು, ತೂಕ, ಎರಕದ ಸೇರುಗೆರೆ ಇವನ್ನು ಅಸಲಿಯ ಪಕ್ಕದಲ್ಲಿಟ್ಟು ನೋಡಿ.

ಎಲ್ಲ ಮುಗಿದ ಮೇಲೂ ಗುರುತು ಸಿಗದ ನಾಲ್ಕಾರು ಭಾಗಗಳು ಉಳಿಯುತ್ತವೆ. ಅವಕ್ಕೊಂದು ಪೆಟ್ಟಿಗೆ ಮಾಡಿ. ತಿಳಿದವರನ್ನು ಕೇಳುವಾಗ ಭಾಗದ ಎರಡೂ ಮುಖಗಳ ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ, ಓದಲು ಸಿಕ್ಕ ಎಲ್ಲ ಅಂಕಿಗಳು, ಥ್ರೆಡ್ಡಿನ ಅಳತೆ, ಭಾಗ ಸಿಕ್ಕ ಜಾಗ ಇಷ್ಟನ್ನೂ ಕೊಡಿ. ‘ಇದು ಯಾವುದು?’ ಎಂದಷ್ಟೇ ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ, ಹತ್ತೂ ಬಹಳ ಆತ್ಮವಿಶ್ವಾಸದಿಂದ.

ನನ್ನ ಪೆಟ್ಟಿಗೆಯಲ್ಲಿ ಎರಡು ರಂಧ್ರಗಳ, ಮೊಣಕೈಯಂತೆ ಬಾಗಿದ ತಗಡಿನ ತುಂಡೊಂದು ಎರಡು ವರ್ಷ ಇತ್ತು. ಹೀಟರಿನ ಆಧಾರ ಎಂದರು ಒಬ್ಬರು, ಜಾಕ್ ನಿಲ್ಲಿಸುವ ಕೊಂಡಿ ಎಂದರು ಇನ್ನೊಬ್ಬರು. ಬಿಡಿಭಾಗಗಳ ಪಟ್ಟಿಯ ಅಷ್ಟೂ ಚಿತ್ರಗಳ ಮೇಲೆ ಅದನ್ನು ಇಟ್ಟು ನೋಡಿದೆ. ಕೊನೆಗೊಂದು ದಿನ ಗ್ಯಾರೇಜಿನ ಕಪಾಟಿನ ಮೂರನೆಯ ಹಲಗೆ ಒಂದು ಬದಿಗೆ ಏಕೆ ವಾಲುತ್ತದೆ ಎಂದು ಬಗ್ಗಿ ನೋಡಿದಾಗ, ಗೋಡೆಯಲ್ಲಿ ಖಾಲಿ ಬಿದ್ದಿದ್ದ ಎರಡು ರಂಧ್ರಗಳು ಕಂಡವು. ತುಂಡು ಸರಿಯಾಗಿ ಕುಳಿತಿತು.